ಅಂಬಿಗರ ಭಾಷೆ ಕಟ್ಟಿದ ಮಳೆಗಾಲ

ಜೂನ್ 8, 2025, ಭಾನುವಾರ

ನಾಟಕದ ಮಕ್ಕಳು ಇವತ್ತು ಪಟ್ಟು ಹಿಡಿದು ಕೂತರು. ಆಚೆ ದಡದ ಅಂಬಿಗರು ಕನ್ನಡ ಮಾತಾಡಕೂಡದಂತೆ. 'ಬಾಹುಬಲಿ'ಯ ಕಾಲಕೇಯರಿಗೆ ಅವರದೇ ಭಾಷೆ ಇರುವಾಗ ನಮ್ಮ ಅಂಬಿಗರಿಗೆ ಯಾಕಿಲ್ಲ ಅನ್ನುವುದು ವಾದ. ಆ ಕಿಲಿಕಿ ಭಾಷೆಯನ್ನು ಮದನ್ ಕಾರ್ಕಿ ನೂರಾರು ಪದ, ವ್ಯಾಕರಣ ಸಮೇತ ಕಟ್ಟಿಕೊಟ್ಟಿದ್ದು. ಅದು ಕೇಳಿದವರ ಎದೆ ನಡುಗಿಸಬೇಕಿತ್ತು, ನಡುಗಿಸಿತು. ನಮ್ಮ ಅಂಬಿಗರು ಹಾಗಲ್ಲ. ಅವರ ಮಾತು ಅರ್ಥವಾಗದಿದ್ದರೂ ಇವರೂ ನಮ್ಮ ಹಾಗೇ ಮನೆ ಮಠ ಇರುವವರು ಅಂತ ನೋಡುವವರಿಗೆ ಅನ್ನಿಸಬೇಕು.

ಇಬ್ಬರು ಹುಡುಗಿಯರು ಅಲ್ಲೇ ಕ-ಭಾಷೆಯಲ್ಲಿ ಶುರು ಮಾಡಿದರು: 'ಕನೀಕರು ಕಕೊಕಡು.' ನಮ್ಮ ಕಾಲದಲ್ಲೂ ಇದೇ ಆಟವಿತ್ತು. ಆದರೆ ಅಕ್ಷರಕ್ಕೊಂದು 'ಕ' ಸೇರಿಸಿದ ಮಾತ್ರಕ್ಕೆ ಅದು ಬೇರೆ ಭಾಷೆಯಾಗುವುದಿಲ್ಲ. ಪದಗಳನ್ನೆಲ್ಲ ಬದಲಿಸಿದರೂ ಆಗುವುದಿಲ್ಲ. ವಿಭಕ್ತಿ, ಲಿಂಗ, ಕಾಲ, ಬಹುವಚನದ ಮರ್ಯಾದೆ ಎಲ್ಲ ಕನ್ನಡದವೇ ಉಳಿದರೆ ಅದು ವೇಷ ಹಾಕಿಕೊಂಡ ಕನ್ನಡ ಅಷ್ಟೆ. ಕಟ್ಟುವುದಾದರೆ ಬುಡದಿಂದ ಕಟ್ಟಬೇಕು ಅಂದೆ. ಮಕ್ಕಳು ಒಪ್ಪಿದರು.

ಜೂನ್ 11, ಬುಧವಾರ

ಮೊದಲು ಧ್ವನಿ. ಟೋಲ್ಕಿನ್ ತನ್ನ ಕ್ವೆನ್ಯಾ ಭಾಷೆಗೆ ಫಿನ್ನಿಶ್‌ನ ನಾದವನ್ನೂ ಸಿಂಡರಿನ್‌ಗೆ ವೆಲ್ಶ್‌ನ ನಾದವನ್ನೂ ಆರಿಸಿಕೊಂಡ. ಕಿವಿಗೆ ಏನು ಹಿತ ಅನ್ನುವುದರಿಂದಲೇ ಹೊರಟವನು ಅವನು. ನಾನೂ ಹಾಗೇ ಹೊರಟೆ. ಮಹಾಪ್ರಾಣಗಳನ್ನು ಕೈಬಿಡಲು ಯೋಚಿಸಬೇಕಾಗಲಿಲ್ಲ. ಟವರ್ಗ ತೆಗೆದ ಮೇಲೆ 'ಳ' ಒಂದನ್ನಾದರೂ ಇಟ್ಟುಕೊಳ್ಳುವ ಆಸೆ ಇತ್ತು. ಆದರೆ ಧ್ವನಿಗಳು ಸಾಮಾನ್ಯವಾಗಿ ಗುಂಪುಕಟ್ಟಿಕೊಂಡೇ ಬರುತ್ತವೆ. ನಾಲಿಗೆ ಹಿಂದಕ್ಕೆ ಮಡಚುವ ಅಭ್ಯಾಸವೇ ಇಲ್ಲದ ಜನರ ಬಾಯಲ್ಲಿ 'ಳ' ಮಾತ್ರ ಒಂಟಿಯಾಗಿ ನಿಲ್ಲುವುದು ನನಗೆ ಸರಿಬರಲಿಲ್ಲ. ಅದೂ ಹೋಯಿತು.

ಗ, ದ, ಬಗಳಿಗೆ ಬೇರೆ ಅಕ್ಷರ ಬೇಡ. ತಮಿಳಿನ ಹಾಗೆ ಎರಡು ಸ್ವರಗಳ ನಡುವೆ 'ಕ' ತಾನಾಗಿ 'ಗ' ಆಗಲಿ. ನದಿಗೆ 'ಲುಕ' ಅಂತ ಬರೆದೆ. ಬಾಯಲ್ಲಿ ಅದು 'ಲುಗ'. ಹೊರಗೆ ಮಳೆ ಹೊಯ್ಯುತ್ತಿತ್ತು. ಜಗಲಿಯಲ್ಲಿ ನಿಂತು ಹತ್ತು ಸಲ ಗಟ್ಟಿಯಾಗಿ ಕೂಗಿ ನೋಡಿದೆ. ಚೆನ್ನಾಗಿದೆ.

ಜೂನ್ 19, ಗುರುವಾರ

ಪದ ಹುಟ್ಟಿಸುವ ಕೆಲಸ. ಜಾನ್ ವಿಲ್ಕಿನ್ಸ್ 1668ರಲ್ಲಿ ಲೋಕದ ಸಮಸ್ತವನ್ನೂ 40 ವರ್ಗಗಳಲ್ಲಿ ಹಂಚಿ ಹೆಸರಿಡಲು ಹೊರಟಿದ್ದ. 'ದೆ' ಅಂದರೆ ಭೂತತತ್ತ್ವ, 'ದೆಬ್' ಅಂದರೆ ಅದರಲ್ಲಿ ಮೊದಲನೆಯದಾದ ಬೆಂಕಿ, 'ದೆಬಾ' ಅಂದರೆ ಆ ಬೆಂಕಿಯ ಒಂದು ಭಾಗ, ಜ್ವಾಲೆ. ಪದ ನೋಡಿದರೆ ವಸ್ತುವಿನ ಜಾತಕವೇ ತಿಳಿಯಬೇಕು. ಎಂಥ ಧೈರ್ಯದ ಬುದ್ಧಿ! ಆದರೆ ಅವನ ಪದ್ಧತಿಯಲ್ಲಿ ಹತ್ತಿರದ ವಸ್ತುಗಳಿಗೆಲ್ಲ ಹತ್ತಿರದ ಹೆಸರು. ಗಾಳಿಮಳೆಯಲ್ಲಿ ಆ ದಡದಿಂದ ಈ ದಡಕ್ಕೆ ಕೂಗುವ ಅಂಬಿಗನಿಗೆ ದೋಣಿ, ಹುಟ್ಟು, ಹಗ್ಗ ಮೂರೂ ಒಂದೇ ಥರ ಕೇಳಿಸಿದರೆ ಜೀವಕ್ಕೆ ಅಪಾಯ. ನನ್ನಲ್ಲಿ ದೋಣಿ 'ಪಿರು', ಹುಟ್ಟು 'ಹೊಮ', ಹಗ್ಗ 'ವೆನೆ'. ಒಂದರ ಸದ್ದು ಇನ್ನೊಂದಕ್ಕೆ ತಾಗುವುದಿಲ್ಲ.

ಜೂನ್ 29, ಭಾನುವಾರ

'ನಾವು ಹೊರಡುತ್ತೇವೆ' ಅಂತ ಅಂಬಿಗ ಹೇಳಿದರೆ ದಡದಲ್ಲಿ ನಿಂತವಳು ದೋಣಿ ಹತ್ತಬೇಕೋ ಬೇಡವೋ? ಕನ್ನಡದ 'ನಾವು' ಇದನ್ನು ಹೇಳುವುದಿಲ್ಲ. ತುಳುವಿನಲ್ಲಿ ಕೇಳುಗರನ್ನು ಸೇರಿಸಿದರೆ 'ನಮ', ಬಿಟ್ಟರೆ 'ಎಂಕುಳು'. ತೆಲುಗಿನಲ್ಲಿ ಮನಮು, ಮೇಮು. ಪುತ್ತೂರಿನ ಗೆಳತಿಗೆ ಫೋನ್ ಮಾಡಿದಾಗ, "ಅದಿಲ್ಲದೆ ನೀವೆಲ್ಲ ಹೇಗೆ ಮಾತಾಡ್ತೀರಿ ಮಾರಾಯ್ತಿ?" ಅಂದಳು. ನಮ್ಮ ಅಂಬಿಗರಿಗೂ ಎರಡು ಬೇಕೇ ಬೇಕು: 'ಮೆನ', ಎಲ್ಲರೂ ಸೇರಿದ ನಾವು, 'ಮೆಲು', ನಿನ್ನನ್ನು ಬಿಟ್ಟ ನಾವು. ನೀನು-ನೀವು ಭೇದ ತೆಗೆದುಹಾಕಿದೆ. ಅಜ್ಜನ ಪಾತ್ರದವನಿಗೆ ಏಕವಚನ ಹೇಳಲು ಪುಟ್ಟ ಹುಡುಗಿ ಇವತ್ತಿಡೀ ತಡವರಿಸಿದಳು. ಅವಳ ನಾಲಿಗೆಯೊಳಗೆ ಕನ್ನಡ ಎಷ್ಟು ಗಟ್ಟಿಯಾಗಿ ಕೂತಿದೆ ಅಂತ ಕಂಡು ನನಗೆ ಹೆಮ್ಮೆಯೇ ಆಯಿತು.

ಜುಲೈ 5, ಶನಿವಾರ

ವಾರದಿಂದ ತಲೆ ತಿನ್ನುತ್ತಿದ್ದದ್ದು ಇವತ್ತು ತಿಳಿಯಾಯಿತು. ಯಾವ ಭಾಷೆಯಲ್ಲಾದರೂ ಏನನ್ನು ಬೇಕಾದರೂ ಹೇಳಬಹುದು, ಸುತ್ತಿ ಬಳಸಿಯಾದರೂ. ಏನನ್ನು ಹೇಳದೆ ತಪ್ಪಿಸಿಕೊಳ್ಳುವಂತಿಲ್ಲ ಅನ್ನುವುದರಲ್ಲೇ ಒಂದೊಂದು ಭಾಷೆಯ ಸ್ವಭಾವ ಇರುವುದು. 'ಬಂದ' ಅಂದ ಕೂಡಲೇ ಕನ್ನಡ ಬಂದವನು ಗಂಡಸು, ಕೆಲಸ ಆಗಿಹೋಗಿದೆ, ಅವನಿಗೆ ನಾನು ಮರ್ಯಾದೆಯ ಬಹುವಚನ ಕೊಡುತ್ತಿಲ್ಲ ಅಂತ ಮೂರು ಸಂಗತಿ ಕಕ್ಕಿಸುತ್ತದೆ. ಭಾಷೆ ಕಟ್ಟುವವರು ತೀರ್ಮಾನಿಸಬೇಕಾದ ದೊಡ್ಡ ವಿಷಯ ಇದೇ: ನನ್ನ ಜನರು ಬಾಯಿಬಿಟ್ಟಾಗಲೆಲ್ಲ ಯಾವುದಕ್ಕೆ ಲೆಕ್ಕ ಕೊಡಬೇಕು?

ಲಿಂಗ ಬೇಡ, ಕಾಲವೂ ಬೇಡ. ನಿನ್ನೆ ನಾಳೆ ಅನ್ನುವ ಪದಗಳಿದ್ದರೆ ಸಾಕು. ಬದಲಿಗೆ ಪ್ರತಿ ಕ್ರಿಯಾಪದವೂ 'ನಿನಗೆ ಹೇಗೆ ಗೊತ್ತು' ಅನ್ನುವುದಕ್ಕೆ ಉತ್ತರ ಹೊತ್ತಿರಬೇಕು. ಬರುವುದಕ್ಕೆ 'ಯೆಸ'. 'ಪಿರು ಯೆಸರಿ': ದೋಣಿ ಬಂತು, ಕಣ್ಣಾರೆ ಕಂಡೆ. 'ಪಿರು ಯೆಸಮು': ದೋಣಿ ಬಂತು, ಹುಟ್ಟಿನ ಸದ್ದು ಕೇಳಿಸಿತು. 'ಪಿರು ಯೆಸಲೆ': ದೋಣಿ ಬಂತಂತೆ. ನಮ್ಮ 'ಅಂತೆ' ಈ ಕೆಲಸವನ್ನು ಎಷ್ಟು ಚೆಂದ ಮಾಡುತ್ತದೆ! ಆದರೆ ಕನ್ನಡದಲ್ಲಿ ಅದನ್ನು ಹಾಕುವುದು ಬಿಡುವುದು ನಮ್ಮಿಷ್ಟ. ಅಂಬಿಗರಿಗೆ ಆ ಬಿಡುವಿಲ್ಲ. ಅಮೆಜಾನ್ ಸೀಮೆಯ ತರಿಯಾನ ಭಾಷೆಯಲ್ಲಿ ಇಂಥ ಕಡ್ಡಾಯದ ಪ್ರತ್ಯಯಗಳು ಐದು. ಸುಜೆಟ್ ಹೇಡನ್ ಎಲ್ಜಿನ್ 1982ರಲ್ಲಿ ಹೆಂಗಸರ ಅನುಭವಕ್ಕೆಂದು ಕಟ್ಟಲು ಶುರುಮಾಡಿದ ಲಾದನ್ ಭಾಷೆಯಲ್ಲೂ ಮಾತಿನ ಆಧಾರ ಹೇಳುವ ಪದಗಳನ್ನು ಇಟ್ಟಳು.

ಕ್ರಿಯಾಪದ ಎಲ್ಲಿರಬೇಕು ಅನ್ನುವುದೂ ಇದರಿಂದಲೇ ಇತ್ಯರ್ಥವಾಯಿತು. ಮಾರ್ಕ್ ಒಕ್ರಾಂಡ್ 'ಸ್ಟಾರ್ ಟ್ರೆಕ್'ನ ಕ್ಲಿಂಗಾನ್ ಭಾಷೆಗೆ ಕರ್ಮ ಮೊದಲು, ಕರ್ತೃ ಕೊನೆ ಎಂಬ ಅಪರೂಪದ ಕ್ರಮ ಕೊಟ್ಟ. ಅನ್ಯಗ್ರಹದವರಿಗೆ ಅದು ಒಪ್ಪುತ್ತದೆ. ನನಗೆ ಕ್ರಿಯಾಪದ ಕೊನೆಯಲ್ಲೇ ಬೇಕು. ದೋಣಿಯ ಸುದ್ದಿ ಪೂರಾ ಕೇಳಿಯಾದ ಮೇಲೆ ಕಟ್ಟಕಡೆಯ ಅಕ್ಷರದಲ್ಲಿ ಅದು ಕಂಡದ್ದೋ ಕೇಳಿದ್ದೋ ಅಂತ ತಿಳಿಯಬೇಕು.

ಜುಲೈ 13, ಭಾನುವಾರ

ಹಸಿವು ಹೊಸ ತೊಡಕು ತಂದಿತು. ನನ್ನ ಹಸಿವನ್ನು ನಾನು ಕಂಡದ್ದೂ ಅಲ್ಲ, ಕೇಳಿದ್ದೂ ಅಲ್ಲ. ಒಡಲಲ್ಲಿ ಅನುಭವಿಸಿದ್ದಕ್ಕೆ ನಾಲ್ಕನೆಯ ಪ್ರತ್ಯಯ 'ನ' ಬಂತು: 'ಕೊರನ', ಹಸಿವಾಗಿದೆ. ಇನ್ನೊಬ್ಬರ ಹಸಿವಿಗೆ ಇದು ಸಲ್ಲದು ಅಂತ ನಿಯಮ ಬರೆದೆ. ಅವರ ಹೊಟ್ಟೆ ನನಗೆ ಹೇಗೆ ಗೊತ್ತು? ಜಪಾನಿ ಭಾಷೆಯೂ ನನಗೆ ಬೇಕೆನಿಸುವುದನ್ನೂ ಪರರಿಗೆ ಬೇಕೆನಿಸುವುದನ್ನೂ ಒಂದೇ ರೀತಿ ಹೇಳಲು ಬಿಡುವುದಿಲ್ಲ.

ಮಧ್ಯಾಹ್ನ ತಾಲೀಮು. ತಾಯಿಯ ಪಾತ್ರದ ಹುಡುಗಿ ಬಟ್ಟೆಯ ಕೂಸನ್ನು ಎತ್ತಿಕೊಂಡು ಅಂಬಿಗನಿಗೆ ಕೂಗಬೇಕು, ಮಗುವಿಗೆ ಹಸಿವು, ಬೇಗ ಬಾ ಅಂತ. ನಾನು ಬರೆದುಕೊಟ್ಟಿದ್ದು 'ಕೊರಮು', ಅಳು ಕೇಳಿ ತಿಳಿದದ್ದು. ಅವಳು ಹೇಳಿದ್ದು 'ಕೊರನ'. ಹುಡುಗರು ತಪ್ಪು ತಪ್ಪು ಅಂತ ಕೂಗಿದರು. ಅವಳು ಜಗ್ಗಲಿಲ್ಲ. "ಹಾಲು ಕುಡಿಯೋ ಕೂಸು, ಅದರ ಹಸಿವು ತಾಯಿಗೆ ಗೊತ್ತಾಗಲ್ವಾ ಅಕ್ಕಾ? ಅವಳೇನು ಕಿವಿಯಿಂದ ತಿಳ್ಕೋಬೇಕಾ?"

ನಾನು ಏನೂ ಹೇಳಲಿಲ್ಲ. ನನ್ನ ಭಾಷೆಯೊಳಗೆ ಕೂತು ಯೋಚಿಸಿದ ಮೊದಲ ವ್ಯಕ್ತಿ ಅವಳು.

ಜುಲೈ 26, ಶನಿವಾರ

ವಾರ್ಸಾದ ಕಣ್ಣಿನ ವೈದ್ಯ ಜಾಮೆನ್‌ಹಾಫ್ ಎಸ್ಪೆರಾಂಟೋದ ಮೊದಲ ಪುಸ್ತಕ ಹೊರತಂದದ್ದು 1887ರ ಈ ದಿನ. ಮದುವೆಯಾಗಲಿದ್ದ ಕ್ಲಾರಾಳ ತಂದೆಯ ಹಣ ಅಚ್ಚಿಗೆ ಹೋಯಿತು. ಅದರಲ್ಲಿ ನನಗೆ ಅತ್ಯಂತ ದೊಡ್ಡದಾಗಿ ಕಾಣುವುದು 16 ನಿಯಮಗಳ ವ್ಯಾಕರಣವಲ್ಲ. ಭಾಷೆ ಎಲ್ಲರ ಆಸ್ತಿ, ಇದರ ಮೇಲಿನ ನನ್ನ ಹಕ್ಕನ್ನೆಲ್ಲ ಬಿಟ್ಟುಕೊಟ್ಟಿದ್ದೇನೆ ಅಂತ ಅವನು ಅಲ್ಲೇ ಸಾರಿಬಿಟ್ಟ. ಅವನಿಗಿಂತ ಸ್ವಲ್ಪ ಮುಂಚೆ ಜರ್ಮನಿಯ ಪಾದ್ರಿ ಶ್ಲೈಯರ್ ಕಟ್ಟಿದ ವೊಲಪ್ಯೂಕ್ ಯುರೋಪಿನಲ್ಲೆಲ್ಲ ಹಬ್ಬಿತ್ತು. ಕಲಿತವರು ತಿದ್ದುಪಡಿ ಕೇಳಿದರು. ಕೊನೆಯ ಮಾತು ತನ್ನದೇ ಆಗಬೇಕೆಂದು ಶ್ಲೈಯರ್ ಹಟ ಹಿಡಿದ. ಜಗಳ ಬೆಳೆದು ಕೆಲವೇ ವರ್ಷಗಳಲ್ಲಿ ಚಳವಳಿ ಕುಸಿಯಿತು. ಎಸ್ಪೆರಾಂಟೋ ಮಾತಾಡುವವರು ಇವತ್ತಿಗೂ ಇದ್ದಾರೆ, ಅದನ್ನೇ ತಾಯ್ನುಡಿಯಾಗಿ ಕಲಿತ ಮಕ್ಕಳೂ ಇದ್ದಾರೆ.

ನೋಟ್‌ಬುಕ್ಕಿನಲ್ಲಿ ನಿಯಮ ಬದಲಿಸಿದೆ: 'ಎದೆಹಾಲು ಕುಡಿಯುವ ಕೂಸಿನ ಹಸಿವು, ನೋವು, ನಿದ್ದೆಗೆ ತಾಯಿ ನ-ಪ್ರತ್ಯಯ ಹಚ್ಚಬಹುದು. ತಂದೆ ಹಚ್ಚುವಂತಿಲ್ಲ.' ಎರಡನೆಯ ವಾಕ್ಯದ ಬಗ್ಗೆ ಹುಡುಗರು ಗಲಾಟೆ ಮಾಡುತ್ತಾರೆ, ಮಾಡಲಿ. ಅವರೇ ವಾದಿಸಿ ತೀರ್ಮಾನಿಸಲಿ.

ಆಗಸ್ಟ್ 3, ಭಾನುವಾರ

ಮುದುಕ ಅಂಬಿಗನ ಪಾತ್ರದವನು ಕೇಳಿದ: "ಸುಳ್ಳು ಹೇಳೋನು ಯಾವುದು ಹಾಕ್ತಾನೆ ಅಕ್ಕಾ?" ಕೈಯಲ್ಲಿದ್ದ ಚಹಾ ತಣ್ಣಗಾಗುವವರೆಗೆ ಎಲ್ಲರೂ ಇದನ್ನೇ ಚರ್ಚಿಸಿದೆವು. ಈ ಭಾಷೆಯಲ್ಲಿ ಸುಳ್ಳಿಗೆ ಎರಡು ಜಾಗ ಇವೆ. ಆಗದ್ದನ್ನು ಆಯಿತು ಅನ್ನುವುದು ಒಂದು. ಆದದ್ದನ್ನೇ ಹೇಳಿ, ಕಾಣದೆ ಕಂಡೆ ಅನ್ನುವುದು ಇನ್ನೊಂದು. ಕನ್ನಡದಲ್ಲಿ ಎರಡನೆಯವನನ್ನು ಯಾರೂ ಸುಳ್ಳುಗಾರ ಅನ್ನುವುದಿಲ್ಲ, ಸುದ್ದಿ ನಿಜವಾದರೆ ಸಾಕು. ಅಂಬಿಗರಲ್ಲಿ ಅವನನ್ನು ಪಂಚಾಯಿತಿಗೆ ಎಳೆಯಬಹುದು.

ತನ್ನ ಭಾಷೆಗಳಿಗೊಂದು ಲೋಕ ಬೇಕಾಗಿ ಕಥೆಗಳು ಹುಟ್ಟಿದವು ಅಂತ ಟೋಲ್ಕಿನ್ ಹೇಳಿಕೊಂಡಿದ್ದ. ಇವತ್ತು ಆ ಮಾತನ್ನು ಪೂರಾ ನಂಬಿದೆ. ಮೂರನೆಯ ದೃಶ್ಯವನ್ನು ರದ್ದು ಮಾಡಿ ಹೊಸದಾಗಿ ಬರೆಯುತ್ತಿದ್ದೇನೆ. ಮುಳುಗುವುದಕ್ಕೆ 'ಸುನ'. ದೋಣಿ ನಿಜವಾಗಿಯೂ ಮುಳುಗಿದೆ. ಮುದುಕ ಅದನ್ನು ನೋಡಿಲ್ಲ, ಮೊಮ್ಮಗ ಬಂದು ಹೇಳಿದ್ದು. ಆದರೂ ಊರ ಮುಂದೆ 'ಪಿರು ಸುನರಿ' ಅಂದುಬಿಟ್ಟಿದ್ದಾನೆ, ಮೊಮ್ಮಗ ಅಲ್ಲಿದ್ದ ಅನ್ನುವುದು ಯಾರಿಗೂ ತಿಳಿಯಬಾರದೆಂದು. ಪಂಚರು ಅವನನ್ನು ಕೇಳಬೇಕು. ಪ್ರಶ್ನೆಗೆ ಹಚ್ಚುವ ಪ್ರತ್ಯಯ ಕೇಳುವವನ ಆಧಾರಕ್ಕೋ, ಉತ್ತರ ಕೊಡುವವನ ಆಧಾರಕ್ಕೋ? ಉತ್ತರ ಕೊಡುವವನದಕ್ಕೇ ಇರಲಿ. 'ಪಿರು ಸುನರಿ?' ಅಂದರೆ ದೋಣಿ ಮುಳುಗಿತೇ, ನೀನು ಕಂಡೆಯಾ ಎರಡೂ ಒಟ್ಟಿಗೇ ಬರುತ್ತವೆ. ಮುದುಕ ಹೂಂ ಅನ್ನಬೇಕು, ಇಲ್ಲವೇ ಕೊನೆಯ ಅಕ್ಷರ ಬದಲಿಸಿ ಹೇಳಬೇಕು.