ಒಂದೇ ಹೆಸರಿನ ಕಾಯಿಲೆ

ರಕ್ತ ಪರೀಕ್ಷೆಗೆ ಟೋಕನ್ ಹಿಡಿದು ಕೂತಿದ್ದೆ. ಪಕ್ಕದಲ್ಲಿ ಅಮ್ಮನ ಜೊತೆ ಆರು ವರ್ಷದ ಹುಡುಗಿ. ಬೋಳು ತಲೆ, ಮೂಗಿಗೆ ಮಾಸ್ಕ್.

"ತಾತಾ, ನಿಮಗೂ ನನ್ನ ಕಾಯಿಲೇನಾ? ಮತ್ತೆ ನಿಮ್ಮ ಕೂದಲು ಯಾಕೆ ಉದುರಿಲ್ಲ?"

ಬ್ಯಾಂಕಿನ ಕೌಂಟರಿನಲ್ಲಿ ಎಂಥೆಂಥ ಪ್ರಶ್ನೆಗೋ ಉತ್ತರ ಹೇಳಿದವನು, ತಡವರಿಸಿದೆ.

ಇಬ್ಬರದೂ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. (ಅಂಟುರೋಗವಲ್ಲ, ಮಕ್ಕಳೇ.) ಕೆಟ್ಟ ಬಿಳಿ ರಕ್ತಕಣಗಳು ಲೆಕ್ಕ ತಪ್ಪಿ ಹೆಚ್ಚುತ್ತವೆ. ಆದರೆ ಮುದುಕರಲ್ಲೇ ಹೆಚ್ಚಾಗಿ ಕಾಣುವ ನನ್ನ ಬಗೆ ಆಮೆನಡಿಗೆಯದು. ಕೆಲವರಿಗೆ ವರ್ಷಗಟ್ಟಲೆ ಔಷಧಿಯೇ ಬೇಡ. ನನಗೂ ಸದ್ಯಕ್ಕೆ ಮೂರು ತಿಂಗಳಿಗೊಮ್ಮೆ ಪರೀಕ್ಷೆ, ಅಷ್ಟೇ. ಮಕ್ಕಳಿಗೆ ಹೆಚ್ಚಾಗಿ ಬರುವುದು ಓಡುವ ಬಗೆ. ತಡಮಾಡದೆ ಕಿಮೋಥೆರಪಿ ಶುರುಮಾಡಿ ಎರಡು ಮೂರು ವರ್ಷ ನಡೆಸಬೇಕು. ಕೂದಲು ಉದುರುವುದು ಆ ಔಷಧಿಗೆ. ಆಮೇಲೆ ಮತ್ತೆ ಬೆಳೆಯುತ್ತದೆ. ಎಳೆಯ ಮೈಗೆ ಇಷ್ಟು ಕಷ್ಟವೇ ಎಂದು ನನಗೆ ದೇವರ ಮೇಲೆ ಸಿಟ್ಟು ಬಂದದ್ದುಂಟು. ಆದರೆ ಪೂರ್ತಿ ವಾಸಿಯಾಗುವುದು ಅವರದೇ ಹೆಚ್ಚು. ಒಳ್ಳೆಯ ಚಿಕಿತ್ಸೆ ಸಿಕ್ಕರೆ ಹತ್ತರಲ್ಲಿ ಎಂಟು ಮಕ್ಕಳಾದರೂ ಗುಣವಾಗುತ್ತಾರೆ. ನನ್ನದು ಸಾಮಾನ್ಯವಾಗಿ ಬಿಟ್ಟು ಹೋಗುವುದಿಲ್ಲ.

"ನಿನ್ನದನ್ನ ಓಡಿಸೋಕೆ ಜೋರು ಔಷಧಿ ಕೊಡ್ತಾರೆ ಪುಟ್ಟಿ. ನನ್ನದು ನನ್ನ ಜೊತೇಲೇ ಇರುತ್ತೆ" ಅಂದೆ.

"ಅಯ್ಯೋ ಪಾಪ" ಎಂದು ತನ್ನ ಬಿಸ್ಕತ್ ಪೊಟ್ಟಣ ನನ್ನ ಕಡೆ ಚಾಚಿದಳು.