ಅವ್ವನ ಕೂಲಿ, ನನ್ನ ಸಂಬಳ

ಬಿ.ಎ. ಮುಗಿಸಿ, ಜಿಲ್ಲಾ ಕೇಂದ್ರದ ಒಂದು ಸಣ್ಣ ದಿನಪತ್ರಿಕೆಗೆ ವರದಿಗಾರನಾಗಿ ಸೇರಿದ್ದು 2024ರಲ್ಲಿ. ತಿಂಗಳಿಗೆ ಎಂಟು ಸಾವಿರ. ಮೊದಲ ಸಂಬಳದ ಕವರನ್ನು ಅವ್ವನ ಕೈಗಿಟ್ಟೆ. ನಮ್ಮ ಮನೆಗೆ ಕವರಿನಲ್ಲಿ ಬಂದ ಮೊದಲ ದುಡ್ಡು ಅದು. ಅವ್ವ ಎರಡು ಸಲ ಎಣಿಸಿದಳು.

"ಎಷ್ಟು ದಿನದ ಕೂಲಿ ಮಗ ಇದು?"

"ಇಪ್ಪತ್ತಾರು ದಿನದ್ದು ಕನವ್ವ."

ಅವಳು ಬೆರಳು ಮಡಚಿದಳು. ಆ ವರ್ಷ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಹೊತ್ತದ್ದಕ್ಕೆ ಅವಳಿಗೆ ದಿನಕ್ಕೆ 349 ರೂಪಾಯಿ. "ಮುನ್ನೂರೈವತ್ತರಂಗೆ ಇಪ್ಪತ್ತಾರು ದಿನ ಹೊತ್ರೆ ಒಂಬತ್ತು ಸಾವ್ರ ದಾಟ್ತದೆ. ಓದ್ದೋನ್ಗಿಂತ ಮಂಕ್ರಿ ಹೊರೋಳೇ ವಾಸಿ ಕನ್ ಮಗ" ಅಂತ ನಕ್ಕಳು. ಅವಳ ಕೆಲಸ ಒಂದು ಮನೆಗೆ ವರ್ಷಕ್ಕೆ ನೂರು ದಿನ ಮಾತ್ರ, ನನ್ನದು ವರ್ಷವೆಲ್ಲ ಅಂತ ಸಮಾಧಾನ ಮಾಡಿಕೊಂಡೆ. ಆದರೂ ಲೆಕ್ಕ ಲೆಕ್ಕವೇ.

ಬೆಂಗಳೂರಿನ ಗೋದಾಮಿನಲ್ಲಿ ಪಾರ್ಸೆಲ್ ಕಟ್ಟುವ ಗೆಳೆಯ ಫೋನು ಮಾಡಿ ಕರೆಯುತ್ತಲೇ ಇದ್ದಾನೆ. ಅಲ್ಲಿ ಹದಿನಾರು ಸಾವಿರ. ಯಾಕೆ ಹೋಗಲಿಲ್ಲ ಅಂತ ಕೇರಿಯ ಹುಡುಗರು ಕೇಳುತ್ತಾರೆ. ಅವರಿಗೆ ಉತ್ತರ ಹೇಳಬೇಕು.

ನಮ್ಮಪ್ಪ ಬದುಕಿದ್ದಾಗ ತಾಲ್ಲೂಕು ಕಚೇರಿಯ ಬಾಗಿಲ ಹೊರಗೆ, ಹೆಗಲ ಟವೆಲ್ಲನ್ನು ಕಂಕುಳಲ್ಲಿಟ್ಟುಕೊಂಡು ನಿಂತಿರುತ್ತಿದ್ದ. ನಾನು ಅದೇ ಕಚೇರಿಗೆ ಜೇಬಿನಲ್ಲಿ ಪೆನ್ನಿಟ್ಟುಕೊಂಡು ಹೋದೆ. ತಹಶೀಲ್ದಾರರು "ಕೂತ್ಕೊಳ್ಳಿ" ಅಂದರು. ಆ ಕುರ್ಚಿಗೆ ಎಷ್ಟು ಬೆಲೆ ಕಟ್ಟುತ್ತೀರಿ? ಪಹಣಿ ಓದುವುದನ್ನು ಅಲ್ಲೇ ಕಲಿತೆ. 2005ರ ಮಾಹಿತಿ ಹಕ್ಕಿನ ಕಾಯ್ದೆಯಲ್ಲಿ ಅರ್ಜಿ ಹಾಕುವುದನ್ನು ಕಲಿತೆ. ನಲ್ಲಿಯ ನೀರು ನಮ್ಮ ಕೇರಿಗೆ ಬರುವ ಮೊದಲೇ ನಿಂತುಹೋಗುತ್ತದೆ ಅನ್ನುವುದು ರಾಜಧಾನಿಯ ಪತ್ರಿಕೆಗೆ ಸುದ್ದಿಯಲ್ಲ. ನಮ್ಮ ಸಣ್ಣ ಪತ್ರಿಕೆಗೆ ಸುದ್ದಿ. ಹದಿನಾರು ಸಾವಿರದ ಗೋದಾಮಿನಲ್ಲಿ ಇದ್ಯಾವುದೂ ಸಿಗುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಸುಳ್ಳು ಹೇಳಿದಂತಾಗುತ್ತದೆ.

ಎಂಟು ಸಾವಿರದಲ್ಲಿ ಬದುಕಲಾಗದು ಎಂದು ಪತ್ರಿಕೆಯವರಿಗೂ ಗೊತ್ತು. ಅದಕ್ಕೇ ಜಾಹೀರಾತು ತರಲು ಹೇಳುತ್ತಾರೆ. ಆಗಸ್ಟ್ 15ರ ಪುರವಣಿಗೆ ಒಬ್ಬ ಕಂಟ್ರಾಕ್ಟರ್ ಹತ್ತಿರ ಹೋಗಿ ಹತ್ತು ಸಾವಿರದ ಜಾಹೀರಾತು ತಂದೆ. ನೂರಕ್ಕೆ ಹದಿನೈದು ನನಗೆ. ಆ ಸಾವಿರದೈನೂರರಲ್ಲಿ ತಂಗಿಯ ಪರೀಕ್ಷೆ ಫೀಜು ಕಟ್ಟಿದೆ. ಮುಂದಿನ ತಿಂಗಳು ನಮ್ಮ ಕೇರಿಯ ಸುಡುಗಾಡಿನ ಪಹಣಿ ತೆಗೆಸಿದೆ. ಹತ್ತು ಗುಂಟೆ ಪಕ್ಕದ ತೋಟದ ಬೇಲಿಯೊಳಗೆ ಸೇರಿಹೋಗಿತ್ತು. ತೋಟ ಅದೇ ಕಂಟ್ರಾಕ್ಟರನದು. ಉಳಿದ ಜಾಗದಲ್ಲಿ ನಮ್ಮಪ್ಪನ ಮಣ್ಣಿದೆ.

ಸುದ್ದಿ ಬರೆದೆ. ಅಚ್ಚಾಗುವಾಗ "ಪ್ರಭಾವಿಯೊಬ್ಬರು" ಅಂತಾಗಿತ್ತು. ಹೆಸರು ಹೊಡೆದವರು ಸಂಪಾದಕರು ಅಂತ ಗೆಳೆಯರಿಗೆಲ್ಲ ಹೇಳಿದೆ. ಅಲ್ಲ, ಹೊಡೆದವನು ನಾನೇ. ದಸರಾ ಪುರವಣಿ ಹತ್ತಿರ ಬಂದಿತ್ತು.

ಕಡಿಮೆ ಸಂಬಳ ಅಂದರೆ ಅರೆಹೊಟ್ಟೆ ಅಂತ ಮಾತ್ರ ತಿಳಿದಿದ್ದೆ. ಯಾರ ವಿರುದ್ಧ ಬರೆಯಬೇಕೋ ಅವರ ಮನೆ ಬಾಗಿಲಿಗೇ ಅದು ನಮ್ಮನ್ನು ಕಳಿಸುತ್ತದೆ ಅಂತ ತಿಳಿದಿರಲಿಲ್ಲ.

ಜಾಹೀರಾತಿನ ಈ ಆಟ ಹಳೆಯದು. 1920ರ ಜನವರಿ 31ರಂದು ಬಾಬಾಸಾಹೇಬರ 'ಮೂಕನಾಯಕ' ಹೊರಬಂದಾಗ ದುಡ್ಡು ಕೊಡುತ್ತೇವೆ ಅಂದರೂ 'ಕೇಸರಿ' ಪತ್ರಿಕೆ ಅದರ ಜಾಹೀರಾತು ಹಾಕಲಿಲ್ಲ. ಮೂರು ವರ್ಷದಲ್ಲಿ 'ಮೂಕನಾಯಕ' ನಿಂತಿತು. 1927ರಲ್ಲಿ ಬಾಬಾಸಾಹೇಬರು 'ಬಹಿಷ್ಕೃತ ಭಾರತ' ತೆಗೆದರು. ನಮ್ಮಲ್ಲಿ 1980ರಲ್ಲಿ ಲಂಕೇಶರು ಪತ್ರಿಕೆ ಶುರುಮಾಡಿದಾಗ ಜಾಹೀರಾತೇ ಬೇಡ ಎಂದರು. ಓದುಗರ ದುಡ್ಡಿನಲ್ಲೇ ನಡೆಸಿದರು.

"ಪತ್ರಿಕೋದ್ಯಮ ಸೇವೆ ಕಣಪ್ಪ" ಅನ್ನುವ ಹಿರಿಯರು ನಮ್ಮ ಕಚೇರಿಯಲ್ಲಿದ್ದಾರೆ. ಅವರಿಗೆ ಊರಿಂದ ಅಕ್ಕಿಮೂಟೆ ಬರುತ್ತದೆ, ಊರಲ್ಲಿ ನಾಲ್ಕೆಕರೆ ನೀರಾವರಿ ಇದೆ. ಅವರು ಎಂಟು ಸಾವಿರದಲ್ಲಿ ಸತ್ಯ ಬರೆಯಬಲ್ಲರು. ಭೂಮಿಯಿಲ್ಲದವನಿಗೆ ಅದೇ ಎಂಟು ಸಾವಿರ ಬೇರೆ. ಅವನು ಎರಡು ವರ್ಷ ಕಾದು ಗೋದಾಮಿಗೆ ಹೋಗುತ್ತಾನೆ. ಕುರ್ಚಿ ಮತ್ತೆ ಭೂಮಿಯಿದ್ದವರಿಗೇ ಉಳಿಯುತ್ತದೆ. ಯಾರೂ ನಮ್ಮನ್ನು ಹೊರಗೆ ತಳ್ಳಬೇಕಾಗಿಲ್ಲ, ಸಂಬಳವೇ ಆ ಕೆಲಸ ಮಾಡುತ್ತದೆ.

ಕಾನೂನು ಇರಲಿಲ್ಲವೇ? ಪತ್ರಕರ್ತರಿಗೆಂದು 1955ರಲ್ಲೇ ಕಾಯ್ದೆ ಬಂತು. ಮಜೀಠಿಯಾ ವೇತನ ಮಂಡಳಿಯ ಶಿಫಾರಸು 2011ರಲ್ಲಿ ಜಾರಿಗೆ ಬಂತು, 2014ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೆ ನೇಮಕದ ಪತ್ರವೇ ಇಲ್ಲದ ನಾನು ಯಾವ ಕೋರ್ಟಿಗೆ ಏನು ತೋರಿಸಲಿ? ನನ್ನದು ಸಂಬಳವಲ್ಲ, "ಗೌರವ ಸಂಭಾವನೆ".

ಗೆಳೆಯರೆ, ಸೇರಬೇಡಿ ಅಂತ ನಾನು ಹೇಳುವುದಿಲ್ಲ. ನಾವು ಹೋಗದಿದ್ದರೆ ನಮ್ಮ ಸುಡುಗಾಡಿನ ಸುದ್ದಿಯನ್ನು ಬೇಲಿ ಹಾಕಿದವನೇ ಬರೆಸುತ್ತಾನೆ. ಆದರೆ ಸೇರುವ ಮುಂಚೆ ಮೂರು ಮಾತು ಕೇಳಿ. ಸಂಬಳ ಯಾವ ತಾರೀಖಿಗೆ? ನೇಮಕದ ಪತ್ರ ಕೊಡುತ್ತೀರಾ? ಜಾಹೀರಾತು ತರಬೇಕಾ? ಮೂರನೆಯದಕ್ಕೆ ಹೌದು ಅಂದರೆ, ಎಂಟು ಸಾವಿರವಲ್ಲ, ಇಪ್ಪತ್ತು ಸಾವಿರ ಕೊಟ್ಟರೂ ಅದು ಕಡಿಮೆಯೇ.

ನಾನು ಸಂಪಾದಕರಿಗೆ ಇನ್ನು ಜಾಹೀರಾತು ತರುವುದಿಲ್ಲ ಅಂದೆ. ಅವರು ಕೆಟ್ಟವರಲ್ಲ; ಕಾಗದದ ಅಂಗಡಿಯ ಬಾಕಿ ಅವರ ತಲೆಮೇಲಿದೆ. "ನೋಡೋಣಪ್ಪ" ಅಂದರು. ಬೆಳಗ್ಗೆ ಎರಡು ಗಂಟೆ ಟ್ಯುಟೋರಿಯಲ್‌ನಲ್ಲಿ ಕನ್ನಡ ಪಾಠ ಹೇಳಿ ಆ ಕಮಿಷನ್ನಿನ ದುಡ್ಡು ತುಂಬಿಸಿಕೊಳ್ಳುತ್ತಿದ್ದೇನೆ. ಎಷ್ಟು ದಿನ ನಡೆಯುತ್ತದೋ ನೋಡಬೇಕು.

ಹೋದ ವಾರ ಸುಡುಗಾಡಿನ ಸುದ್ದಿಯನ್ನು ಸರ್ವೆ ನಂಬರಿನ ಸಮೇತ ಮತ್ತೆ ಬರೆದುಕೊಟ್ಟೆ. ಅಚ್ಚಾಯಿತು. ಪತ್ರಿಕೆಯನ್ನು ಅವ್ವನ ಮುಂದೆ ಹಿಡಿದೆ.

"ಅವನ ಹೆಸ್ರು ಯಾವುದ್ಲಾ ಇದ್ರಲ್ಲಿ?"

ತೋರಿಸಿದೆ. ಅವಳು ಆ ಅಕ್ಷರಗಳ ಮೇಲೆ ಬೆರಳಿಟ್ಟು ಸುಮ್ಮನೆ ಕೂತಳು. ಈ ತಿಂಗಳ ಸಂಬಳ ಇನ್ನೂ ಬಂದಿಲ್ಲ. ಅದನ್ನು ಅವಳು ಕೇಳಲಿಲ್ಲ.