ಹಂಪಿಯಲ್ಲಿ ಆನೆ ಎಲ್ಲಿ?

“ಎರಡೂವರೆ ವರ್ಷದ ಮಗುವನ್ನು ಕಟ್ಟಿಕೊಂಡು ಹಂಪಿಗಾ? ಅಲ್ಲಿ ಅವನಿಗೇನಿದೆ, ಬರೀ ಕಲ್ಲು!” ಎಂದರು ನಮ್ಮತ್ತೆ. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆದರೆ ಹೈಸ್ಕೂಲು ಓದುತ್ತಿದ್ದ ಮಗಳಿಗೆ ವಿಜಯನಗರದ ಬಗ್ಗೆ ಪ್ರಾಜೆಕ್ಟು ಮಾಡಬೇಕಿತ್ತು. ಪುಟ್ಟನನ್ನು ಮನೆಯಲ್ಲೇ ಬಿಟ್ಟು ಹೋಗೋಣವೆಂದರೆ ಅತ್ತೆಯ ಮೊಣಕಾಲು ಅವನ ಓಟಕ್ಕೆ ಸಾಟಿಯಲ್ಲ. ಹೀಗಾಗಿ 2019ರ ಡಿಸೆಂಬರಿನ ಒಂದು ರಾತ್ರಿ ನಾವು ನಾಲ್ವರೂ ಬೆಂಗಳೂರಿನಲ್ಲಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದೆವು.

ಐದು ವರ್ಷದೊಳಗಿನ ಮಕ್ಕಳಿಗೆ ರೈಲಿನಲ್ಲಿ ಟಿಕೆಟ್ಟಿಲ್ಲ, ಬೇರೆ ಬರ್ತೂ ಇಲ್ಲ. ಟಿಕೆಟ್ಟಿಲ್ಲದ ಆ ಪ್ರಯಾಣಿಕ ನನ್ನ ಬರ್ತಿನಲ್ಲಿ ಅಡ್ಡಡ್ಡ ಮಲಗಿ ರಾತ್ರಿಯಿಡೀ ಗೊರಕೆ ಹೊಡೆದ. ದುಡ್ಡು ಕೊಟ್ಟು ಟಿಕೆಟ್ ಕೊಂಡ ನಾನು ಅಂಚಿನಲ್ಲಿ ಸರಪಳಿ ಹಿಡಿದು ಗುಂತಕಲ್ಲು, ಬಳ್ಳಾರಿಗಳನ್ನೆಲ್ಲ ಎಣಿಸಿದೆ. ಮೇಲಿನ ಬರ್ತಿನಲ್ಲಿದ್ದ ನಮ್ಮವರು ಹೊಸಪೇಟೆಯಲ್ಲಿ ಇಳಿಯುವಾಗ “ಚೆನ್ನಾಗಿ ನಿದ್ದೆ ಬಂತಲ್ವಾ?” ಎಂದು ಕೇಳಿದರು. ಅದಕ್ಕೆ ನಾನು ಕೊಟ್ಟ ಉತ್ತರ ಇಲ್ಲಿ ಬೇಡ.

ಹೊಸಪೇಟೆಯಿಂದ ಹಂಪಿಗೆ ಸುಮಾರು 13 ಕಿಲೋಮೀಟರ್. ಆಗಿನ್ನೂ ಅದು ಬಳ್ಳಾರಿ ಜಿಲ್ಲೆ. ವಿಜಯನಗರ ಜಿಲ್ಲೆ ಹುಟ್ಟಿದ್ದು 2021ರಲ್ಲಿ. ಆಟೋ ಹಿಡಿದು ನೇರ ವಿರೂಪಾಕ್ಷನ ಸನ್ನಿಧಿಗೆ ಬಂದೆವು. ಐವತ್ತು ಮೀಟರ್ ಎತ್ತರದ, ಒಂಬತ್ತು ಅಂತಸ್ತಿನ ಗೋಪುರದ ಕೆಳಗೆ ನಿಂತು ನಾವು ಮೂವರೂ ಕತ್ತು ನೋಯುವಷ್ಟು ಮೇಲೆ ನೋಡಿದೆವು. ಪುಟ್ಟ ಕೆಳಗೆ ನೋಡುತ್ತಿದ್ದ. ಅಲ್ಲೊಂದು ಇರುವೆ ಸಾಲು ಹೋಗುತ್ತಿತ್ತು.

ಒಳಗೆ ದೇವಸ್ಥಾನದ ಆನೆ ಲಕ್ಷ್ಮಿ ನಿಂತಿದ್ದಳು. ನಾಣ್ಯ ಕೊಟ್ಟವರ ತಲೆಯ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡುತ್ತಿದ್ದಳು. ಪುಟ್ಟ ಮೊದಲು ನನ್ನ ಸೀರೆಯೊಳಗೆ ಸೇರಿಕೊಂಡ, ಆಮೇಲೆ ಒಂದು ಕಣ್ಣು ಹೊರಗಿಟ್ಟ. ಹತ್ತು ನಿಮಿಷದ ನಂತರ ಅವನನ್ನು ಆನೆಯ ಹತ್ತಿರದಿಂದ ಎಳೆದುಕೊಂಡು ಹೋಗಲು ಇಬ್ಬರು ಬೇಕಾದರು. ಆ ದಿನಕ್ಕೆ ಅವನ ಹಂಪಿ ಯಾತ್ರೆ ಮುಗಿದಿತ್ತು. ಉಳಿದದ್ದೆಲ್ಲ ಆನೆ ಹುಡುಕುವ ಕೆಲಸ.

ಗರ್ಭಗುಡಿಯ ಹಿಂದೆ ಒಂದು ಕತ್ತಲೆ ಕೋಣೆಯಿದೆ. ಸಣ್ಣ ಕಿಂಡಿಯಿಂದ ಬರುವ ಬೆಳಕಿನಲ್ಲಿ ರಾಯಗೋಪುರದ ನೆರಳು ಗೋಡೆಯ ಮೇಲೆ ತಲೆಕೆಳಗಾಗಿ ಬೀಳುತ್ತದೆ. “ಪಿನ್‌ಹೋಲ್ ಕ್ಯಾಮೆರಾ ಅಮ್ಮಾ! ಬೆಳಕು ನೇರವಾಗಿ ಚಲಿಸುತ್ತೆ. ಅದಕ್ಕೇ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ” ಎಂದು ಮಗಳು ವಿವರಿಸತೊಡಗಿದಳು. ವಿಜ್ಞಾನದ ಪುಸ್ತಕದಲ್ಲಿ ಒಂದು ಅಂಕದ ಪ್ರಶ್ನೆಯಾಗಿದ್ದದ್ದು ಗೋಡೆಯ ಮೇಲೆ ಕಂಡ ಖುಷಿ ಅವಳಿಗೆ. ಪುಟ್ಟ ಗೋಡೆಯನ್ನು ನೋಡಿದ, ಅಕ್ಕನನ್ನು ನೋಡಿದ. ಆಮೇಲೆ ಬೆನ್ನು ತಿರುಗಿಸಿ, ಬಗ್ಗಿ, ಎರಡು ಕಾಲುಗಳ ನಡುವೆ ತಲೆ ತೂರಿಸಿ ಗೋಡೆ ನೋಡಿದ. ಅವನಿಗೆ ಗೋಪುರ ನೆಟ್ಟಗೆ ಕಂಡಿರಬೇಕು. ಕೇಕೆ ಹಾಕಿ ನಕ್ಕ. ಪಕ್ಕದಲ್ಲಿದ್ದ ಪಂಚೆಯುಟ್ಟ ಯಜಮಾನರೊಬ್ಬರಿಗೂ ಆಸೆಯಾಗಿ ಅರ್ಧ ಬಗ್ಗಿದರು. ಅವರ ಹೆಂಡತಿ “ಸಾಕು ಬನ್ನಿ” ಎಂದು ಕೈಹಿಡಿದು ಎಬ್ಬಿಸಿದರು.

ಹೊರಗೆ ಬಂದದ್ದೇ ಒಂದು ಕೋತಿ ನಮ್ಮ ಬಾಳೆಹಣ್ಣಿನ ಚಿಪ್ಪನ್ನು ಕಿತ್ತುಕೊಂಡಿತು. ಹೋಗುವಾಗ ಪುಟ್ಟನ ಕೆಂಪು ಟೋಪಿಯನ್ನೂ ಒಯ್ದಿತು. ಟೋಪಿಗೆ ಅವನು ಅಳಲಿಲ್ಲ. ಕೋತಿ ಅದನ್ನು ಹಾಕಿಕೊಳ್ಳಲಿಲ್ಲ ಎಂದು ಅತ್ತ.

ಅಲ್ಲಿಂದ ವಿಜಯ ವಿಠ್ಠಲ ದೇವಸ್ಥಾನಕ್ಕೆ. ಕೊನೆಯ ದಾರಿಗೆ ಬ್ಯಾಟರಿ ಗಾಡಿಗಳಿವೆ. ಐವತ್ತು ರೂಪಾಯಿಯ ಹೊಸ ನೋಟಿನ ಹಿಂಬದಿಯಲ್ಲಿ 2017ರಿಂದ ಅಲ್ಲಿನ ಕಲ್ಲಿನ ರಥ ಇದೆಯಷ್ಟೇ? ಮಗಳು ನೋಟು ತೆಗೆದು, “ನೋಡೋ, ಇದೇ ಅದು” ಎಂದು ತಮ್ಮನ ಕೈಗೆ ಕೊಟ್ಟಳು. ಅವನು ಹೋಲಿಕೆ ನೋಡುವ ಮೊದಲು ನೋಟಿನ ಒಂದು ಮೂಲೆಯನ್ನು ಅಗಿದ.

ಒಂದೇ ಕಲ್ಲಿನಲ್ಲಿ ಕೊರೆದಂತೆ ಕಂಡರೂ ಈ ರಥ ಹಲವು ಕಲ್ಲುಗಳನ್ನು ಸಂದು ತಿಳಿಯದಂತೆ ಜೋಡಿಸಿ ಕಟ್ಟಿದ ಗರುಡನ ಗುಡಿ. ಮೇಲೆ ಇಟ್ಟಿಗೆಯ ಶಿಖರವೂ ಇತ್ತು. 1856ರಲ್ಲಿ ಗ್ರೀನ್‌ಲಾ ಎಂಬ ಇಂಗ್ಲಿಷ್ ಅಧಿಕಾರಿ ತೆಗೆದ ಛಾಯಾಚಿತ್ರದಲ್ಲಿ ಅದು ಕಾಣುತ್ತದೆ. ಮುಂದೆ ನಿಂತಿರುವ ಪುಟ್ಟ ಆನೆಗಳು ಮೂಲದವಲ್ಲ. ಅಲ್ಲಿ ಮೊದಲು ಕುದುರೆಗಳಿದ್ದವು. ಇದನ್ನೆಲ್ಲ ನಮ್ಮವರು ಪುಸ್ತಕ ನೋಡಿ ಓದುತ್ತಿರುವಾಗ ಪುಟ್ಟ, “ಆನೆ ಹಿಂದೆ ಕಾಲು! ಆನೆ ಹಿಂದೆ ಕಾಲು!” ಎಂದು ಕೂಗಿದ. ಬಗ್ಗಿ ನೋಡಿದರೆ ಹೌದು, ಆನೆಯ ಹಿಂದೆ ಹಳೆಯ ಕುದುರೆಯ ಹಿಂಗಾಲುಗಳು ಉಳಿದಿವೆ! ನಮ್ಮ ಎತ್ತರದವರಿಗೆ ತಟ್ಟನೆ ಕಾಣುವಂಥದ್ದಲ್ಲ. ಮಗಳು ಪ್ರಾಜೆಕ್ಟಿಗೆ ಬರೆದುಕೊಂಡಳು.

ಆದರೆ ಈ ರಥ ಹೋಗುವುದಿಲ್ಲ ಎಂಬುದು ಪುಟ್ಟನಿಗೆ ಸಹಿಸದಾಯಿತು. “ಪೀಂ ಪೀಂ” ಎಂದ, “ಹೋಗು” ಎಂದ. ಕಡೆಗೆ ನೆಲಕ್ಕೆ ಬಿದ್ದು ಹೊರಳಿದ. ಫೋಟೋ ತೆಗೆಸಿಕೊಳ್ಳಲು ಸಾಲಿನಲ್ಲಿ ನಿಂತ ಇಪ್ಪತ್ತು ಜನ ನಮ್ಮನ್ನು ಕೆಟ್ಟ ತಂದೆತಾಯಿಗಳನ್ನು ನೋಡುವಂತೆ ನೋಡಿದರು. ಬ್ಯಾಟರಿ ಗಾಡಿಯಲ್ಲಿ ವಾಪಸು ಕೂರಿಸಿದ ಮೇಲೇ ರಾಗ ನಿಂತದ್ದು.

ವಿಠ್ಠಲ ದೇವಸ್ಥಾನದ ಟಿಕೆಟ್ಟೇ ಅದೇ ದಿನ ರಾಣಿವಾಸದ ಆವರಣಕ್ಕೂ ನಡೆಯುತ್ತದೆ. ಅಂದ ಮೇಲೆ ನಮ್ಮವರು ಬಿಡುವವರೇ? ಕಮಲ ಮಹಲು ದಾಟಿ ಗಜಶಾಲೆಗೆ ಬರುವಾಗ ಮಧ್ಯಾಹ್ನ ಒಂದು ಗಂಟೆ. ಬೆಳಗಿನಿಂದ ಪುಟ್ಟ ತಿಂದದ್ದು ಒಂದು ಬಿಸ್ಕತ್ತು ಮತ್ತು ನೋಟಿನ ಮೂಲೆ. ಇಡ್ಲಿಗೆ ಬಾಯಿ ಬಿಡಲಿಲ್ಲ, ಮೊಸರನ್ನವನ್ನು ಉಗಿದಿದ್ದ.

ಗಜಶಾಲೆ ಎಂದರೆ ಸಾಲಾಗಿ ಹನ್ನೊಂದು ಕೋಣೆ, ಮೇಲೆ ಬಗೆಬಗೆಯ ಗುಮ್ಮಟ, ಮುಂದೆ ವಿಶಾಲವಾದ ಹುಲ್ಲುಹಾಸು. “ಇದು ಆನೆಗಳ ಮನೆ” ಎಂದು ಹೇಳಿದ್ದೇ ತಪ್ಪಾಯಿತು. ಪುಟ್ಟ ಮೊದಲ ಕೋಣೆಗೆ ಇಣುಕಿ “ಆನೆ ಇಲ್ಲ” ಎಂದ. ಎರಡನೆಯದಕ್ಕೆ ಇಣುಕಿ “ಆನೆ ಇಲ್ಲ” ಎಂದ. ಹೀಗೆ ಹನ್ನೊಂದೂ ಆಯಿತು. ತುಟಿ ಅದುರತೊಡಗಿತು. ಮತ್ತೊಂದು ಹೊರಳಾಟ ತಪ್ಪಿಸಲು ನಮ್ಮವರು, “ಆನೆ ಊಟಕ್ಕೆ ಹೋಗಿದೆ ಪುಟ್ಟ, ಈಗ ಬರುತ್ತೆ” ಎಂದರು. ಅವನು ಒಪ್ಪಿದ. ಮಗಳು ಗುಮ್ಮಟಗಳ ಚಿತ್ರ ಬರೆಯುತ್ತಿದ್ದಳು. ನಾನು ಅವಳ ಪಕ್ಕ ಕುಳಿತೆ. ಇವರು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು.

“ಪುಟ್ಟ ಎಲ್ಲಿ?” ಎಂದೆ.

“ನಿನ್ನ ಹತ್ತಿರ ಇರಲಿಲ್ವಾ?” ಎಂದರು.

ಇವರು ಈಗಲೂ ಅದು ಎರಡೇ ನಿಮಿಷ ಅನ್ನುತ್ತಾರೆ. ನನ್ನ ಲೆಕ್ಕದಲ್ಲಿ ಹತ್ತಕ್ಕೆ ಕಡಿಮೆಯಿಲ್ಲ. ಹನ್ನೊಂದು ಕೋಣೆಗಳಿಗೂ ಓಡಿದೆ. ಕೂಗಿದರೆ ಗುಮ್ಮಟ ನನ್ನ ದನಿಯನ್ನೇ ವಾಪಸು ಕೊಡುತ್ತಿತ್ತು. ಬೆಳಗಿನಿಂದ ನಾನು ಹಂಪಿಯ ನೀರಿನ ವ್ಯವಸ್ಥೆಯನ್ನು ಮಗಳ ಮುಂದೆ ಹೊಗಳಿದ್ದೇ ಹೊಗಳಿದ್ದು: ಕಾಲುವೆ, ಹೊಂಡ, ಪುಷ್ಕರಣಿ, ಆಚೆ ತುಂಗಭದ್ರೆ. ಈಗ ಅವೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಕಾವಲುಗಾರನ ಬಳಿ ಹೋಗಿ, “ಕೆಂಪು ಟೋಪಿ ಹಾಕಿದ್ದಾನೆ, ಕೆಂಪು ಟೋಪಿ” ಎಂದು ಬಡಬಡಿಸಿದೆ. ಅವರು ಪಾಪ, ಕೆಂಪು ಟೋಪಿ ಹುಡುಕುತ್ತ ಒಂದು ದಿಕ್ಕಿಗೆ ಓಡಿದರು. ಟೋಪಿ ವಿರೂಪಾಕ್ಷನ ಕೋತಿಯ ಬಳಿ ಇದೆಯೆಂಬುದು ನನಗೆ ಹೊಳೆಯಲೇ ಇಲ್ಲ. ಮಗಳು ಅಳತೊಡಗಿದ್ದಳು. “ನಾನು ಚಿತ್ರ ಬರೀಬಾರದಿತ್ತು ಅಮ್ಮಾ” ಎನ್ನುತ್ತಿದ್ದಳು. ಅವಳಿಗೆ ಸಮಾಧಾನ ಹೇಳುವಷ್ಟೂ ಬುದ್ಧಿ ನನಗಿರಲಿಲ್ಲ.

ಮರದ ನೆರಳಿನಿಂದ ಒಂದು ದನಿ ಬಂತು: “ಯವ್ವಾ, ಇಲ್ಲಿ ಐತಿ ನೋಡ್ರಿ ನಿಮ್ಮ ಕೂಸು!”

ಹುಲ್ಲುಹಾಸಿನಲ್ಲಿ ಕಳೆ ಕೀಳುವ ನಾಲ್ವರು ಹೆಂಗಸರು ಬುತ್ತಿ ಬಿಚ್ಚಿ ಕುಳಿತಿದ್ದರು. ನಡುವೆ ಚಕ್ಕಂಬಕ್ಕಳ ಹಾಕಿ ನಮ್ಮ ಕುಲದೀಪಕ! ಒಂದು ಕೈಯಲ್ಲಿ ಜೋಳದ ರೊಟ್ಟಿ, ಮೂಗಿನ ತುದಿಗೆ ಶೇಂಗಾ ಚಟ್ನಿ, ಬಾಯಲ್ಲಿ ಪುಂಡಿಪಲ್ಯ.

“ಆನಿ ಎಲ್ಲೈತಿ ಅಂತ ಕೇಳ್ಕಂತ ಬಂತ್ರಿ. ಆನಿ ಉಣ್ಣಾಕ ಹೋಗೈತಂತ. ಬಾ, ನೀನೂ ಉಣ್ಣು ಅಂದೆ. ಹಸದಿತ್ತು ಪಾಪ” ಎಂದರು ಹಿರಿಯಾಕೆ. ಅವನಿಗೆ ಹೊಡೆಯಬೇಕೋ ಮುದ್ದಿಡಬೇಕೋ ತಿಳಿಯದೆ ನಾನು ಆಕೆಯ ಪಕ್ಕ ಕುಸಿದು ಅತ್ತೆ. “ಅಳಬ್ಯಾಡ್ರಿ ಅಕ್ಕಾರ” ಎಂದು ನನ್ನ ಕೈಗೂ ಒಂದು ರೊಟ್ಟಿ ಬಂತು. ಇವರು ಜೇಬಿನಿಂದ ಐವತ್ತರ ನೋಟು ತೆಗೆದರು, ಅದೇ, ಮೂಲೆಯಿಲ್ಲದ್ದು. ಆಕೆ, “ಕೂಸು ಉಂಡದ್ದಕ್ಕ ಯಾರರ ರೊಕ್ಕ ತಗಂತಾರೇನ್ರಿ?” ಎಂದು ಗದರಿದರು. ಇವರು ನೋಟನ್ನು ಮಡಚಿ ಒಳಗಿಟ್ಟುಕೊಂಡರು. ಅಷ್ಟು ಸಣ್ಣ ಮುಖ ಮಾಡಿಕೊಂಡದ್ದನ್ನು ನಾನು ಮದುವೆಯಾದಾಗಿನಿಂದ ನೋಡಿರಲಿಲ್ಲ.

ಸಂಜೆ ಹೇಮಕೂಟದ ತಪ್ಪಲಿನ ಸಾಸಿವೆಕಾಳು ಗಣಪನನ್ನು ಕಂಡೆವು. ಹೆಸರಿಗೆ ಸಾಸಿವೆ, ಸುಮಾರು ಎಂಟು ಅಡಿ ಎತ್ತರದ ಏಕಶಿಲೆ. ಪುಟ್ಟ ನನ್ನ ಹೆಗಲ ಮೇಲೆ ನಿದ್ದೆ ಹೋಗಿದ್ದ. ನಾನು ನಿಧಾನವಾಗಿ ವಿಗ್ರಹದ ಹಿಂಬದಿಗೆ ಬಂದೆ. ಅಲ್ಲಿ ಕಾಣುವುದು ಒಬ್ಬ ಹೆಂಗಸಿನ ಬೆನ್ನು. ಗಣಪ ತಾಯಿಯ ತೊಡೆಯ ಮೇಲೆ ಕುಳಿತಿದ್ದಾನೆ, ಅದು ಪಾರ್ವತಿಯ ಬೆನ್ನು ಎನ್ನುತ್ತಾರೆ. ಮುಂದಿನಿಂದ ನೋಡುವವರಿಗೆ ಗಣಪ ಮಾತ್ರ. ಮನೆಗೆ ಬಂದು ಮೊಬೈಲಿನ ಫೋಟೋಗಳನ್ನು ನೋಡಿದಾಗ ಇದು ನೆನಪಾಯಿತು. ರಥದ ಬಳಿ, ಕಮಲ ಮಹಲಿನ ಬಳಿ, ಗೋಪುರದ ಬಳಿ ನಾನಿರುವ ಎಲ್ಲ ಚಿತ್ರಗಳಲ್ಲೂ ಪುಟ್ಟನ ಹಿಂದೆ ಓಡುತ್ತಿರುವ ನನ್ನ ಬೆನ್ನೇ.

ನಮ್ಮತ್ತೆ ಮೊಮ್ಮಗನನ್ನು ಕೂರಿಸಿಕೊಂಡು, “ಹಂಪಿಯಲ್ಲಿ ಏನು ನೋಡಿದೆಯೋ?” ಎಂದು ಕೇಳಿದರು.

“ರೊಟ್ಟಿ” ಎಂದ.

ಅವತ್ತೇ ಜೋಳದ ಹಿಟ್ಟು ಬಂತು. ಮುದ್ದೆ ಕಟ್ಟಿ ರೂಢಿಯಾದ ಕೈಗೆ ರೊಟ್ಟಿ ತಟ್ಟುವುದು ಎಲ್ಲಿಂದ ಬರಬೇಕು? ಮೊದಲನೆಯದು ಹರಿಯಿತು. ಎರಡನೆಯದು ಕರ್ನಾಟಕದ ನಕ್ಷೆಯಂತೆ ಬಂತು. ಪುಟ್ಟ ಅದನ್ನು ಬಳ್ಳಾರಿಯ ಕಡೆಯಿಂದ ತಿನ್ನಲು ಶುರುಮಾಡಿದ.